ಬೊಂಬೆಯ ಬಾಯಲ್ಲಿ ‘ಮಾ’

ಮಾರ್ಚ್ 4

ಬೆಳಗಿನಿಂದ ‘ಮಾ, ಮಾ’ ಅಂದು ಅಂದು ಗಂಟಲು ಹರಿದುಹೋಗಿದೆ. ಬೊಂಬೆಯ ಹೊಟ್ಟೆ ಒತ್ತಿದರೆ ನನ್ನ ದನಿ ಬರಬೇಕು. ಎಲ್ಲ ದೇಶಕ್ಕೂ ಒಂದೇ ಚಿಪ್, ಒಂದೇ ಅಕ್ಷರ. ಏರಿಳಿತ ಬೇಡವಂತೆ, ಚಪ್ಪಟೆಯಾಗಿ ಎಳೆಯಬೇಕಂತೆ. ಚೀನೀ ಭಾಷೆಯಲ್ಲಿ ಹಾಗೆಂದರೆ ಅಮ್ಮ. ಥಾಯ್‌ನಲ್ಲಿ ‘ಹತ್ತಿರ ಬಾ’ ಅಂತ ಕರೆದ ಹಾಗೆ. ಬಾಸ್‌ಗೆ ಖುಷಿಯೋ ಖುಷಿ.

ರೆಕಾರ್ಡಿಂಗ್‌ನ ಕೆಂಪು ದೀಪ ಉರಿಯುವಾಗ ನನ್ನ ಹೊರತು ಯಾರೂ ಉಸಿರೆತ್ತಬಾರದು — ಸ್ಟುಡಿಯೋ ನಿಯಮ. ವಿಯೆಟ್ನಾಮೀಸ್ ಭಾಷೆ ನೋಡಿಕೊಳ್ಳುವ, ಆ ದೇಶದವಳೇ ಆದ ಅಕ್ಕ ಬಾಗಿಲು ತಳ್ಳಿಕೊಂಡೇ ಬಂದಳು.

“ನಿಲ್ಸಿ! ನಮ್ಮಲ್ಲಿ ಹೀಗಂದ್ರೆ ದೆವ್ವ. ಕೊನೇಲಿ ದನಿ ಮೇಲೇರ್ಬೇಕು, ಆಗ ಅಮ್ಮ.”

“ಟೇಕ್ ಹಾಳ್ಮಾಡಿದ್ಯಲ್ಲಾ! ದೀಪ ಉರೀವಾಗ ಆಡಿದ ಮಾತು ಲೆಕ್ಕಕ್ಕಿಲ್ಲ. ನಡಿ ಹೊರಗೆ,” ಅಂದ ಬಾಸ್.

ಮತ್ತೆ ಚಪ್ಪಟೆ ‘ಮಾ’.

ಮೇ 19

ಗೋದಾಮಿನ ತುಂಬ ವಾಪಸ್ ಬಂದ ಬೊಂಬೆಗಳು. ಒಂದು ಡಬ್ಬ ಎತ್ತಿದರೆ ಒಳಗಿನವೆಲ್ಲ ಒಟ್ಟಿಗೆ ‘ಮಾ’ ಅನ್ನುತ್ತವೆ. ನನ್ನದೇ ದನಿ... ಡಬ್ಬ ಅಲ್ಲೇ ಬಿಟ್ಟೆ. ವಿಯೆಟ್ನಾಮಿನ ಮಕ್ಕಳು ಕಿಟಾರನೆ ಕಿರುಚಿಕೊಂಡವಂತೆ.

ಅಕ್ಕ ಬಾಯೇ ಬಿಡಲಿಲ್ಲ ಅಂತ ಬಾಸ್ ಮೇಲಿನವರಿಗೆ ಹೇಳಿದ್ದಾನೆ. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿತಂತೆ. ಆ ಸುಳ್ಳನ್ನು ನನ್ನೆದುರು ಹೇಳುವಾಗಲೂ ಕಡ್ಡಿ ಹಾಕಿ ಹಲ್ಲು ಕೆದಕುತ್ತಿದ್ದ. ಥೂ! ನಾಳೆ ವಿಚಾರಣೆ. ಅಕ್ಕನ ಕೆಲಸ ಹೋದರೆ ಆ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ. ಪುಟ್ಟ ಮಗಳು ಬೇರೆ.

ಮೇ 20, ಮಧ್ಯಾಹ್ನ

“ಅವಳು ಮುಂಚೆ ಹೇಳಿದ್ಳಾ?” ಮೇಲಿನ ಮೇಡಂ ನನ್ನನ್ನೇ ಕೇಳಿದರು.

ಮೇಜಿನ ಕೆಳಗೆ ಬಾಸ್ ನನ್ನ ಕಾಲು ತುಳಿದ. ತುಳಿದುಕೊಂಡೇ ಇದ್ದ, ಮುಖದಲ್ಲಿ ನಗು. ಹೇಸಿಗೆ ತಡೆಯಲಾಗಲಿಲ್ಲ.

“ಹೇಳಿದ್ರು ಮೇಡಂ. ದೀಪ ಉರೀತಿತ್ತು ಅಂತ ಇವ್ರು ಹೊರಗೆ ಹಾಕಿದ್ರು. ಈಗ ನನ್ನ ಕಾಲು ತುಳೀತಿದಾರೆ.”

ಎಲ್ಲರೂ ಮೇಜಿನ ಕೆಳಗೆ ಬಗ್ಗಿ ನೋಡಿದರು.

ಮೇ 27

ಅಕ್ಕನ ಕೆಲಸ ಉಳಿಯಿತು. ಬಾಸ್‌ಗೆ ಬರೀ ಬೈಗುಳ. ಕುರ್ಚಿ ಹಾಗೇ ಇದೆ. ನನಗೆ ಮಾತ್ರ ‘ಬೇರೆ ದನಿ ನೋಡ್ಕೋತೀವಿ’. ನೋಡಿಕೊಳ್ಳಲಿ. ಆ ಕಟ್ಟಡದ ಗಾಳಿಯೂ ಬೇಡ.

ಸಂಜೆ ಅಕ್ಕನ ಮನೆಗೆ ಹೋದೆ. ಬಾಗಿಲು ತೆರೆದದ್ದು ಮಗಳು. ನನ್ನನ್ನು ನೋಡಿದವಳೇ ಒಳಗೆ ತಿರುಗಿ ‘ಮಾ’ ಅಂತ ಅಮ್ಮನನ್ನು ಕೂಗಿದಳು. ದನಿ ಕೊನೆಯಲ್ಲಿ ಮೇಲೇರಿತು. ಎಷ್ಟು ಸಲೀಸು! ಹೊಸ್ತಿಲಲ್ಲೇ ಅವಳೆದುರು ಕೂತು ನಾನೂ ಒಮ್ಮೆ ಅಂದು ನೋಡಿದೆ. ಮತ್ತೆ ಚಪ್ಪಟೆ. ಮಗು ನಕ್ಕಿತು. ತಲೆಯಲ್ಲಾಡಿಸಿ, ನನ್ನ ಗಲ್ಲ ಹಿಡಿದು ಮೇಲೆತ್ತಿ, ಮತ್ತೆ ಹೇಳಿಕೊಟ್ಟಿತು — “ಮಾ...”