ಐತಪ್ಪ ಮಾಮನ ಮಾರುಕಟ್ಟೆ ಬೆಲೆ

ಜನವರಿ ೧೭, ೨೦೨೧. ಭಾನುವಾರ, ಸಂಜೆ

ಇವತ್ತೂ ಎಸೆದೆ. ಸ್ಟಾಫ್ ಕ್ವಾರ್ಟರ್ಸಿನ ಕಾರ್ ಪಾರ್ಕು. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಐತಪ್ಪ ಮಾಮ. ಸರ್ಕಾರ ಒಂದು ಮೀಟರ್ ಅಂತರ ಕೇಳಿದೆ. ನಾವು ಧಾರಾಳವಾಗಿ ಹೆಚ್ಚೇ ಕೊಟ್ಟಿದ್ದೇವೆ.

ಈ ದಿನಚರಿ ಮುಂದೆ ಯಾವುದಾದರೂ ವಸ್ತುಸಂಗ್ರಹಾಲಯ ಸೇರಿದರೆ ಸಂಶೋಧಕರಿಗೆ ತೊಂದರೆಯಾಗಬಾರದು. ಆದ್ದರಿಂದ ದಾಖಲಿಸುತ್ತಿದ್ದೇನೆ: ಮಲೇಷ್ಯಾದ ಮೆಲಾಕಾ ಕನ್ನಡಿಗರ ಸಾಫ್ಟ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವ ಪಿಚರ್ ಶ್ರೀಯಾ, ಅಂದರೆ ಸಾಕ್ಷಾತ್ ನಾನು. ಉಳಿದ ವೇಳೆಯಲ್ಲಿ ಮೆಡಿಕಲ್ ಎರಡನೇ ವರ್ಷ. ಬ್ಯಾಟು ಹಿಡಿದವರ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ನನ್ನ ಚೆಂಡು ಹಿಡಿಯುವ ಕ್ಯಾಚರ್, ಅರಿವಳಿಕೆ ಡಾಕ್ಟರ್ ಐತಪ್ಪ. ಉಡುಪಿಯವರು. ರಕ್ತಸಂಬಂಧವಿಲ್ಲ, ಅಮ್ಮನ ಸಹೋದ್ಯೋಗಿ. ಮಾಮ ಎನ್ನುವುದು ಬಾಯಿಗೆ ಬಂದದ್ದು, ಮನಸ್ಸಿಗೂ ಇಳಿದಿದೆ.

ಡಿಸೆಂಬರಿನಲ್ಲಿ ಕೋವಿಡ್ ವಾರ್ಡಿನ ಡ್ಯೂಟಿಯಿಂದಲೇ ಅವರೂ ಮಲಗಿದರು. ಆಕ್ಸಿಜನ್ ಮೇಲಿದ್ದರು. ಈಗ ಕೆಲವು ಚೆಂಡು ಹಿಡಿದ ಮೇಲೆ ಎದ್ದು ನಿಂತು ಉಸಿರು ಎಳೆದುಕೊಳ್ಳಬೇಕು. ಅವರು ಏಳುವ ಸೂಚನೆ ಕಂಡ ಕೂಡಲೇ ನಾನು ಶೂ ಲೇಸ್ ಕಟ್ಟಲು ಬಗ್ಗುತ್ತೇನೆ. ಈಚೆಗೆ ನನ್ನ ಲೇಸ್ ವಿಪರೀತ ಬಿಚ್ಚುತ್ತಿದೆ.

"ಎಂತ ಮಾರಾಯ್ತಿ, ಡಾಕ್ಟ್ರಾಗುವವಳು, ಒಂದು ಗಂಟು ಹಾಕ್ಲಿಕ್ಕೆ ಬರುದಿಲ್ವಾ ನಿಂಗೆ?"

"ಪ್ರಾಕ್ಟಿಕಲ್ ಇನ್ನೂ ಆಗಿಲ್ಲ ಮಾಮ."

ಇವತ್ತು ನಿನ್ನೆಗಿಂತ ಎರಡು ಚೆಂಡು ತಡವಾಗಿ ಎದ್ದರು. ನಾನು ನೋಡಿಲ್ಲ. ಲೇಸ್ ಕಟ್ಟುತ್ತಿದ್ದೆ.

ಜನವರಿ ೧೯

ಝೂಮ್ ಮೀಟಿಂಗ್. ವಿಷಯ: ಆಟಗಾರರ ಅದಲುಬದಲು. ಮೆಲಾಕಾ, ಬಾಂಗ್ಸಾರ್, ಕ್ಲಾಂಗ್: ಮೂರೇ ತಂಡಗಳ ಲೀಗು ನಮ್ಮದು. ಆಟ ನಿಂತು ತಿಂಗಳುಗಟ್ಟಲೆ ಆಯಿತು, ಆದರೆ ಜನವರಿಯ ವ್ಯಾಪಾರ ನಿಲ್ಲಿಸಲು ಯಾವ ವೈರಸ್ಸಿಗೂ ಸಾಧ್ಯವಿಲ್ಲ.

ನಮ್ಮ ಕ್ಯಾಪ್ಟನ್ ಲೋಕೇಶಣ್ಣ, ಮೈಸೂರಿನ ಸಾಫ್ಟ್‌ವೇರ್. ವರ್ಕ್ ಫ್ರಮ್ ಹೋಮ್ ಶುರುವಾದಾಗಿನಿಂದ ಅಮೆರಿಕದ ಬೇಸ್‌ಬಾಲ್ ಸುದ್ದಿಯ ಚಟ ಹತ್ತಿದೆ. ಚಳಿಗಾಲದಲ್ಲಿ ಯಾವ ತಂಡ ಯಾರನ್ನು ಕೊಂಡಿತು, ಯಾರಿಗೆ ಹೆಚ್ಚು ಕೊಟ್ಟು ಕೆಟ್ಟಿತು — ಎಲ್ಲ ಬಾಯಿಪಾಠ. ಈಗ ನಮಗೂ 'ವ್ಯಾಲ್ಯೂ' ಹಾಕಿದ್ದಾರೆ, ಬಣ್ಣಬಣ್ಣದ ಗ್ರಾಫಿನಲ್ಲಿ.

ಐತಪ್ಪ ಮಾಮನ ಗೆರೆ ಕಡಿದಾದ ಇಳಿಜಾರು.

"ಸರ್ ಮೇಲೆ ಗೌರವ ಇದೆ ಕಣಮ್ಮ. ಆದ್ರೆ ವಯಸ್ಸು, ಲಂಗ್ಸು... ತಿಂಗಳ ಕೊನೇಲಿ ಲಿಸ್ಟಿಂದ ಬಿಟ್ಬಿಡೋದು ಒಳ್ಳೇದು. ಎಮೋಷನಲ್ ಆಗ್ಬಾರ್ದು. ಅಮೆರಿಕದಲ್ಲಿ ಯಾರೂ ಆಗಲ್ಲ."

ಮಾಮ ಮೀಟಿಂಗಿನಲ್ಲಿ ಇರಲಿಲ್ಲ. ಡ್ಯೂಟಿ.

ನಾನು ಕೇಳಿದೆ, ಹೋದ ಸಲ ಫೈನಲ್ಲಿನಲ್ಲಿ ಬಾಂಗ್ಸಾರಿನ ಕಾಂತಮ್ಮ ಆಂಟಿ ಬ್ಯಾಟು ಎತ್ತಿದಾಗ ಮಾಮ ಹಿಂದಿನಿಂದ, "ಒಲೆ ಆಫ್ ಮಾಡಿ ಬಂದಿದ್ದೀರಲ್ವಾ?" ಎಂದು ವಿಚಾರಿಸಿದ್ದು ಯಾವ ಗ್ರಾಫಿನಲ್ಲಿದೆ? ಆಂಟಿ ಔಟ್. ಆಮೇಲೆ ಮನೆಗೆ ಫೋನ್ ಕೂಡ ಮಾಡಿದರು. ನನ್ನ ಚೆಂಡು ದಿಕ್ಕು ತಪ್ಪಿ ಹೋದಾಗಲೆಲ್ಲ ಮಾಮ ನಡೆದು ಬಂದು, "ಮಧ್ಯಾಹ್ನಕ್ಕೆ ಎಂತ ಊಟ?" ಎಂದಷ್ಟೇ ಕೇಳಿ ಹೋಗುತ್ತಾರಲ್ಲ, ಅದು? ಡ್ರಾಪ್ ಬಾಲ್, ಬ್ಯಾಟಿನ ಹತ್ತಿರ ಬಂದು ಸರಕ್ಕನೆ ಕೆಳಗಿಳಿಯುವ ನನ್ನ ಬ್ರಹ್ಮಾಸ್ತ್ರ, ಅದನ್ನು ಕಲಿಸಿದ್ದು ಯಾರು?

"ಅದನ್ನ ನಂಬರ್‌ಗೆ ಕನ್ವರ್ಟ್ ಮಾಡಕ್ಕಾಗಲ್ವಲ್ಲಮ್ಮ."

ಲಿಸ್ಟಿನಲ್ಲಿ ಹೆಸರಿಲ್ಲದಿದ್ದರೆ ಅಭ್ಯಾಸವಿಲ್ಲ, ಅದು ಲೀಗಿನ ನಿಯಮ. ಅಭ್ಯಾಸವಿಲ್ಲದಿದ್ದರೆ ಮಾಮನ ಉಸಿರು... ಈ ವಾಕ್ಯ ಪೂರ್ತಿ ಮಾಡುವುದಿಲ್ಲ.

ಜನವರಿ ೨೩. ಬೆಳಿಗ್ಗೆ

ಕಾರ್ಯಾಚರಣೆ ಆರಂಭ. ತತ್ವ ಸರಳ: ಪಕ್ಕದವರು ಬೇಕು ಎಂದದ್ದನ್ನು ಲೋಕೇಶಣ್ಣ ಪ್ರಾಣ ಹೋದರೂ ಬಿಡುವುದಿಲ್ಲ. ಅವರ ಮನೆಯ ಹಳೇ ಫ್ರಿಜ್ಜೇ ಸಾಕ್ಷಿ.

ಬಾಂಗ್ಸಾರ್ ತಂಡದಲ್ಲಿರುವ ಕ್ಲಾಸ್‌ಮೇಟ್ ಅನಿಲನ ಕೈಯಲ್ಲಿ ಲೀಗಿನ ಗ್ರೂಪಿಗೆ ಫಾರ್ವರ್ಡ್ ಮಾಡಿಸಿದೆ:

"ಗುಪ್ತ ಮೂಲಗಳ ಪ್ರಕಾರ, ಕ್ಲಾಂಗ್ ತಂಡವು ಮೆಲಾಕಾದ ಹಿರಿಯ ಕ್ಯಾಚರ್ ಒಬ್ಬರ ಮೇಲೆ ಕಣ್ಣಿಟ್ಟಿದೆ. ಉಭಯ ಪಾಳಯಗಳಲ್ಲಿ ಗಂಭೀರ ಮೌನ."

ಗಂಭೀರ ಮೌನ! ಬರೆದ ಕೈಗೆ ನಾನೇ ನಮಸ್ಕರಿಸಿದೆ.

ಅದೇ ದಿನ, ಸಂಜೆ

ಗ್ರಾಫು ಮೇಲೆದ್ದಿದೆ. ಲೋಕೇಶಣ್ಣ ಫೋನ್ ಮಾಡಿ, "ಸರ್‌ಗೆ ಎಕ್ಸ್‌ಪೀರಿಯೆನ್ಸ್ ಇದೆಯಲ್ವಾ, ಅದನ್ನ ನಾನು ಸೇರಿಸಿರ್ಲಿಲ್ಲ" ಎಂದರು. ನಾನು ಅತ್ಯಂತ ದುಃಖದ ದನಿಯಲ್ಲಿ ಸಮ್ಮತಿಸಿದೆ.

ಜನವರಿ ೨೪

ಕೆಟ್ಟಿತು.

ಕ್ಲಾಂಗ್ ಕ್ಯಾಪ್ಟನ್ ಪ್ರಶಾಂತಣ್ಣ, ಬಂದರಿನಲ್ಲಿ ಕಂಟೇನರ್ ಸಾಗಣೆ, ಹುಬ್ಬಳ್ಳಿಯವರು. ಗ್ರೂಪಿನಲ್ಲಿ ವಾಯ್ಸ್ ನೋಟ್ ಹಾಕಿದ್ದಾರೆ:

"ಲೋಕೇಶ, ನಾವು ಡಾಕ್ಟರ್ ಮ್ಯಾಲೆ ಕಣ್ಣಿಟ್ಟೇವಿ ಅನ್ನೋದು ನಮಗ ಗೊತ್ತಿರಲಿಲ್ಲಪ. ಆದ್ರ ವಿಚಾರ ಚಲೋ ಐತಿ! ನಮ್ಮ ಹುಡುಗೂರಿಗೆ ಒಬ್ಬ ಹಿರ್ಯಾ ಬೇಕಾಗಿತ್ತು. ಸುಜಿತ್‌ನ ತಗೋ, ಡಾಕ್ಟರ್‌ನ ಕೊಡು."

ಸುಜಿತ್! ಅವನು ಹೊಡೆದ ಚೆಂಡು ಹುಡುಕಲು ಪಕ್ಕದ ತಾಳೆತೋಟಕ್ಕೆ ಜನ ಕಳಿಸಬೇಕು. ಲೋಕೇಶಣ್ಣ ವಾಯ್ಸ್ ನೋಟ್ ಮುಗಿಯುವ ಮೊದಲೇ "ಡನ್" ಎಂದಿದ್ದಾರೆ.

ಕೋವಿಡ್ ನಿಯಮದಂತೆ ರಾಜ್ಯದ ಗಡಿ ದಾಟುವಂತಿಲ್ಲ, ಕ್ಲಾಂಗ್ ಇರುವುದು ಬೇರೆ ರಾಜ್ಯದಲ್ಲಿ. ಕ್ಲಾಂಗ್ ಸೇರಿದ ಮಾಮ ಕ್ಲಾಂಗಿಗೆ ಹೋಗುವಂತಿಲ್ಲ; ನಮ್ಮೊಡನೆ ಅಭ್ಯಾಸ ಮಾಡುವಂತೆಯೂ ಇಲ್ಲ. ಲಿಸ್ಟಿನಿಂದ ಬಿಟ್ಟಿದ್ದರೂ ಇದೇ ಆಗುತ್ತಿತ್ತು. ನಾನು ಅದನ್ನು ಸ್ವಲ್ಪ ಗೌರವಯುತವಾಗಿ ಸಾಧಿಸಿದ್ದೇನೆ, ಅಷ್ಟೆ.

ಸಂಜೆ ಮಾಮನನ್ನು ಕೇಳಿದೆ. ಗ್ಲೌಸಿಗೆ ಎಣ್ಣೆ ಸವರುತ್ತಿದ್ದರು.

"ಕರೆದ್ರೆ ಇಲ್ಲ ಅನ್ನುದು ಹೇಗೆ? ಮರ್ಯಾದೆ ಉಂಟಲ್ಲ. ಅವ್ರು ಕಳಿಸುವ ತಿಂಡಿ ತಿಂದು ಅವ್ರ ತಂಡ ಸೇರ್ತೇನೆ, ಗ್ಲೌಸ್ ಒಳಗಿಡ್ತೇನೆ."

"ಒಳಗಿಟ್ಟು?"

"ವಾರಿಜಾಕ್ಷಿಯ ಕಪಾಟಲ್ಲಿ ಜಾಗ ಖಾಲಿ ಉಂಟು."

ವಾರಿಜಾಕ್ಷಿ ಎಂದರೆ ಅವರ ಹೆಂಡತಿ. ನಗಿಸಲು ಹೇಳಿದ್ದು. ನಾನು ನಗಲಿಲ್ಲ. ನನ್ನ ಚರಿತ್ರೆಯಲ್ಲಿ ಇದು ಅಪರೂಪ.

ಜನವರಿ ೩೧. ಭಾನುವಾರ

ಕೈ ನಾಲ್ಕು ಸಲ ತೊಳೆದರೂ ವಾಸನೆ ಹೋಗಿಲ್ಲ. ಆದರೂ ಇವತ್ತಿನದನ್ನು ಬರೆಯಲೇಬೇಕು.

ನಮ್ಮ ಲೀಗಿನಲ್ಲಿ ಸಹಿ, ಕಾಗದ ಇಲ್ಲ. ಹೊಸ ತಂಡ ಒಂದು ತಪಾವ್, ಅಂದರೆ ಪಾರ್ಸೆಲ್ ತಿಂಡಿ, ಕಳಿಸುತ್ತದೆ. ಎರಡೂ ಕ್ಯಾಪ್ಟನ್‌ಗಳ ಎದುರಿಗೆ ಅದನ್ನು ತಿಂದವರು ಆ ತಂಡದವರು. ತಿಂದ ಮೇಲೆ ಮಾತಿಲ್ಲ. ಮೊದಲೆಲ್ಲ ಮೂರೂ ಊರುಗಳ ನಡುವಿನ ಸೆರೆಂಬಾನಿನ ಒಂದು ಮಾಮಕ್ ಹೋಟೆಲಿನಲ್ಲಿ ಟೇ ತಾರಿಕ್ ಎಂಬ ನೊರೆಚಹಾ ಕುಡಿಯುತ್ತ ಆಗುತ್ತಿತ್ತು. ಈ ವರ್ಷ ಡೆಲಿವರಿ ಆ್ಯಪ್, ಸಾಕ್ಷಿಗೆ ಝೂಮ್.

ಪ್ರಶಾಂತಣ್ಣ ಘಾಟಿ. ಮಾಮನಿಗೆ ಏನಿಷ್ಟ ಎಂದು ವಿಚಾರಿಸಿ, ಹಲಸಿನ ಹಾಗೆ ಮುಳ್ಳು, ಚರಂಡಿಯ ಹಾಗೆ ವಾಸನೆ ಇರುವ ಡುರಿಯನ್ ಕಳಿಸಿದ್ದಾರೆ. ಹಣ್ಣು ಗೇಟಿಗೆ ಬಂದದ್ದು ನಮ್ಮ ಮಹಡಿಗೆ ತಿಳಿಯಿತು. ನನಗೆ ಡುರಿಯನ್ ಎಂದರೆ ಹೊಟ್ಟೆ ತೊಳಸುತ್ತದೆ, ಇದು ಲೋಕಕ್ಕೆಲ್ಲ ಗೊತ್ತು.

ಕಾರ್ ಪಾರ್ಕು. ಕ್ಯಾಮೆರಾ ಹಿಡಿಯುವ ಜವಾಬ್ದಾರಿ ನನ್ನದು. ಬಾನೆಟ್ ಮೇಲೆ ಡಬ್ಬಿ. ಮಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಲೋಕೇಶಣ್ಣನ ಭಾಷಣ: "ಸರ್ ನಮ್ಮ ತಂಡಕ್ಕೆ ಸಲ್ಲಿಸಿದ ಸೇವೆ..." ಮಾಮ ಮಾಸ್ಕ್ ಇಳಿಸಿದರು. ಮುಖ ಎಷ್ಟು ಸಣ್ಣಗಾಗಿದೆ ಎಂದು ಆಗ ಕಂಡಿತು.

ಫೋನನ್ನು ವೈಪರ್‌ಗೆ ಒರಗಿಸಿದೆ. ಡಬ್ಬಿ ಎತ್ತಿಕೊಂಡೆ. ಕ್ಯಾಮೆರಾ ಮುಂದೆ ನಿಂತು ಒಂದು ತೊಳೆ ಬಾಯಿಗಿಟ್ಟೆ. ಆಮೇಲೆ ಇನ್ನೊಂದು.

"ಏಯ್ ಏಯ್ ಏಯ್! ಏನಮ್ಮಾ ಅದು!" ಲೋಕೇಶಣ್ಣ.

ಬಾಯಿ ತುಂಬಿತ್ತು, ಕಣ್ಣಲ್ಲಿ ನೀರು. ಆದರೂ ಘನತೆ ಬಿಡದೆ ಘೋಷಿಸಿದೆ: "ಸಂಪ್ರದಾಯದಂತೆ, ತಿಂದವರು ಕ್ಲಾಂಗ್ ತಂಡಕ್ಕೆ ಸೇರಿದವರು. ಮೆಲಾಕಾಗೆ ಪಿಚರ್ ಇಲ್ಲ. ಹೊಸ ಪಿಚರ್ ತಯಾರು ಮಾಡಲು ಅನುಭವಿ ಕ್ಯಾಚರ್ ಬೇಕು. ಅಮೆರಿಕದಲ್ಲಾದರೂ ಅಷ್ಟೇ."

ಪ್ರಶಾಂತಣ್ಣ ಕುರ್ಚಿಯಿಂದ ಬೀಳುವಷ್ಟು ನಕ್ಕರು. "ನಿಯಮ ಅಂದ್ರ ನಿಯಮ ಲೋಕೇಶ! ಡಾಕ್ಟರ್ ಬ್ಯಾಡ, ನನಗ ಈ ಹುಡುಗೀನ ಇರಲಿ. ಸುಜಿತ್‌ನ ಇಟ್ಕೋ."

ಮಾಮ ಖಾಲಿಯಾಗುತ್ತಿದ್ದ ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಕೊನೆಗೆ, "ಬೀಜ ನುಂಗ್ಬೇಡ ಮಾರಾಯ್ತಿ."

ಫೆಬ್ರವರಿ ೨

ಮೆಲಾಕಾ ತಂಡದ ಹೊಸ ಪಿಚರ್: ಡಾಕ್ಟರ್ ವಂದನಾ, ಪ್ಯಾಥಾಲಜಿ ವಿಭಾಗ. ಅಂದರೆ ನನ್ನ ಅಮ್ಮ. ಮಣಿಪಾಲದಲ್ಲಿ ಓದುವಾಗ ಥ್ರೋಬಾಲ್ ಆಡಿದ್ದರಂತೆ. ಕೈ ಎತ್ತಿದ್ದು ಅವರೊಬ್ಬರೇ.

"ನೀನು ಮಾಡಿದ ಕಿತಾಪತಿ, ನನ್ನ ತಲೆಗೆ" ಎಂದರು. ಆದರೆ ಸಂಜೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡಾಗ ಸೀಟಿ ಹೊಡೆಯುತ್ತಿದ್ದರು.

ಏಪ್ರಿಲ್ ೧೧

ಬಾಲ್ಕನಿಯಿಂದ ಬೇಹುಗಾರಿಕೆ. ವಿರೋಧಿ ತಂಡದ ಅಭ್ಯಾಸ ನೋಡಬಾರದೆಂದು ನಿಯಮವಿಲ್ಲ, ಓದಿ ನೋಡಿದ್ದೇನೆ. ಅಮ್ಮನ ಚೆಂಡು ಕಾರುಗಳ ಅಡಿಗೆ, ಹೂಕುಂಡಕ್ಕೆ, ಒಮ್ಮೆ ಡೀನ್ ಸಾಹೇಬರ ಕಿಟಕಿಯ ಹತ್ತಿರಕ್ಕೆ. ಪ್ರತಿ ಸಲವೂ ಮಾಮ ನಡೆದು ಹೋಗಿ ಎತ್ತಿ ತರುತ್ತಾರೆ. ಬೈಗುಳವಿಲ್ಲ, ಉಪದೇಶವಿಲ್ಲ. "ವಂದನಾ, ರಾತ್ರಿಗೆ ಎಂತ ಅಡಿಗೆ?"

ಅಷ್ಟು ನಡಿಗೆ ಬೇಕಾಗಿತ್ತೇನೋ. ನಾನು ಎಸೆಯುತ್ತಿದ್ದಾಗ ಅವರು ನಡೆಯುವ ಪ್ರಮೇಯ ಅಪರೂಪಕ್ಕೆ ಬರುತ್ತಿತ್ತು. ನನ್ನ ಪ್ರತಿಭೆಯೇ ಅವರ ಪುಪ್ಪುಸಕ್ಕೆ ಅಡ್ಡಿಯಾಗಿತ್ತು ಎಂದು ಈಗ ಅರ್ಥವಾಗುತ್ತಿದೆ.

ಜುಲೈ ೪

ಎಲ್ಲ ಮತ್ತೆ ಮುಚ್ಚಿದೆ. ಮಾಮ ವಾರ್ಡಿನಲ್ಲೇ ಇದ್ದಾರೆ. ಮನೆಗೆ ಬರುವುದು ಮಲಗಲು ಮಾತ್ರ. ನಾನು ಗೋಡೆಗೆ ಎಸೆಯುತ್ತೇನೆ. ಗೋಡೆ ಊಟದ ವಿಚಾರ ಕೇಳುವುದಿಲ್ಲ.

ತಮಾಷೆ ಏನೂ ಹೊಳೆಯುತ್ತಿಲ್ಲ.

ಅಕ್ಟೋಬರ್ ೧೦. ಭಾನುವಾರ

ನಾಳೆಯಿಂದ ಗಡಿ ದಾಟಬಹುದು!! ಪ್ರಶಾಂತಣ್ಣನ ಫೋನ್: "ಬಾ ತಂಗಿ, ನಿನ್ನ ಡುರಿಯನ್ ಋಣ ತೀರಿಸು."

ನವೆಂಬರ್ ೨೮. ಸಂಜೆ, ಕ್ಲಾಂಗಿನಿಂದ ಬರುವಾಗ ಬಸ್ಸಿನಲ್ಲಿ

ಕೈ ಅಲುಗುತ್ತಿದೆ, ಅಕ್ಷರ ಹೇಗಾದರೂ ಬರಲಿ. ಮೊದಲ ಪಂದ್ಯ. ಮೆಲಾಕಾ ವಿರುದ್ಧ ಕ್ಲಾಂಗ್.

ಮುಖ್ಯವಾದದ್ದು ಮೊದಲು: ಐತಪ್ಪ ಮಾಮ ಪೂರ್ತಿ ಆಡಿದರು. ಕುಕ್ಕರಗಾಲಲ್ಲಿ ಕೂತರು, ಎದ್ದರು, ಓಡಿದರು. ಉಸಿರಿಗಾಗಿ ಒಮ್ಮೆಯೂ ಆಟ ನಿಲ್ಲಿಸಲಿಲ್ಲ. ಲೋಕೇಶಣ್ಣ ಗ್ರಾಫು ತೆರೆಯಲೇ ಇಲ್ಲ. ಚಪ್ಪಾಳೆ ತಟ್ಟಲು ಎರಡೂ ಕೈ ಬೇಕಾಗಿತ್ತು.

ಕೊನೆಯ ಸರದಿ. ನಾವು, ಅಂದರೆ ಈಗ ಕ್ಲಾಂಗ್, ಒಂದು ರನ್ ಹಿಂದೆ. ಬ್ಯಾಟು ನನ್ನ ಕೈಯಲ್ಲಿ. ಎದುರಿಗೆ ಚೆಂಡು ಹಿಡಿದ ಅಮ್ಮ, ಬೆನ್ನ ಹಿಂದೆ ಮಾಮ.

"ಗುಪ್ತ ಮೂಲಗಳ ಪ್ರಕಾರ," ಹಿಂದಿನಿಂದ ಮೆಲ್ಲನೆಯ ದನಿ, "ಈಗ ಡ್ರಾಪ್ ಬಾಲ್ ಬರ್ತದೆ."

ಜೀವ ಹಾರಿಹೋಯಿತು. ಗೊತ್ತಿತ್ತು ಇವರಿಗೆ! ಆ ಫಾರ್ವರ್ಡ್ ನನ್ನದೆಂದು ಜನವರಿಯಿಂದಲೇ ಗೊತ್ತಿತ್ತು. ಗೊತ್ತಿದ್ದೂ ಇಸ್ತ್ರಿ ಅಂಗಿ ತೊಟ್ಟು ಡಬ್ಬಿಯ ಮುಂದೆ ನಿಂತಿದ್ದರು.

ನಂಬಲಿಲ್ಲ ನಾನು. ಬಂದದ್ದು ಡ್ರಾಪ್ ಬಾಲೇ. ನನ್ನದಕ್ಕಿಂತ ಚೆನ್ನಾಗಿತ್ತು. ನನ್ನ ಬ್ಯಾಟು ಬೀಸಿದ್ದು ಗಾಳಿಗೆ. ಸ್ಟ್ರೈಕ್.

"ಅದೇ ಮೂಲಗಳ ಪ್ರಕಾರ, ಪುನಃ ಡ್ರಾಪ್."

ಈ ಸಲ ಖಂಡಿತ ಸುಳ್ಳು ಎಂದುಕೊಂಡೆ. ಡ್ರಾಪ್. ಎರಡನೇ ಸ್ಟ್ರೈಕ್. ಇನ್ನೊಂದಾದರೆ ನಾನೂ ಔಟ್, ಪಂದ್ಯವೂ ಔಟ್.

ಸರಿ, ಇನ್ನು ಏನು ಹೇಳಿದರೂ ನಂಬುವುದು ಎಂದು ತೀರ್ಮಾನಿಸಿದೆ. ಕಿವಿ ಹಿಂದಕ್ಕೆ, ಕಣ್ಣು ಅಮ್ಮನ ಕೈಮೇಲೆ. ಮಾಮನ ಉಸಿರು ಕೇಳಿಸುತ್ತಿತ್ತು. ಸಮವಾಗಿ, ನಿಧಾನವಾಗಿ. ಎಷ್ಟು ಚಂದ ಉಸಿರಾಡುತ್ತಿದ್ದರು...

"ಶ್ರೀಯಾ," ಎಂದರು, ನಿಜವಾದ ಕಾಳಜಿಯಿಂದ, "ಲೇಸ್ ಬಿಚ್ಚಿದೆ ನೋಡು."

ನೋಡಿದೆ. ಬಿಗಿಯಾಗಿಯೇ ಇತ್ತು. ಅಷ್ಟರಲ್ಲಿ ಅಮ್ಮನ ಕೈಯಿಂದ ಹೊರಟ ಚೆಂಡು ಮಾಮನ ಗ್ಲೌಸು ಸೇರಿತ್ತು.