ಫೋಟೋದೊಳಗಿನ ಕುರ್ಚಿ

ಮನೆಯಿಂದ,
ಬುಧವಾರ, ೧೪ನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಹಡಗಿನಿಂದ ನೀವು ಕಳಿಸಿದ ಫೋಟೋವನ್ನು ಇವತ್ತು ಬೆಳಿಗ್ಗೆ ಮತ್ತೆ ನೋಡಿದೆ. ಬೆಲ್ಟನ್ನು ಮೊದಲಿಗಿಂತ ಎರಡು ತೂತು ಒಳಗೆ ಹಾಕಿದ್ದೀರಿ. ಸರಿಯಾಗಿ ಊಟ ಮಾಡುತ್ತಿದ್ದೀರಾ? ಅಮ್ಮನಿಗೆ ಹೇಳಿಲ್ಲ, ಹೇಳಿದರೆ ಅವಳೂ ಊಟ ಬಿಡುತ್ತಾಳೆ. ನಾವೆಲ್ಲ ಚೆನ್ನಾಗಿದ್ದೇವೆ.

ದೊಡ್ಡಪ್ಪನ ಮರಗೆಲಸದ ಅಂಗಡಿಯ ಸುದ್ದಿ ಹೇಳಬೇಕು. ಕಳೆದ ತಿಂಗಳು ನಿವೃತ್ತ ನರ್ಸ್ ಒಬ್ಬರು ಹಳೆಯ ಫೋಟೋ ತಂದರು. ಅದರಲ್ಲಿ ತೀರಿಹೋದ ಅವರ ಯಜಮಾನರ ಕುರ್ಚಿ. ಗೆದ್ದಲು ತಿಂದು ಅದು ಪುಡಿಯಾಗಿ ಹೋಗಿದೆ, ಈ ಫೋಟೋ ಮಾತ್ರ ಉಳಿದಿದೆ, ಅದೇ ಅಳತೆಯ ಇನ್ನೊಂದು ಬೇಕು ಎಂದರು. ದೊಡ್ಡಪ್ಪ ಆಗುವುದಿಲ್ಲ ಎನ್ನುವಷ್ಟರಲ್ಲಿ, ಬಿಲ್ಲು ಬರೆಯುವ ಮೂಲೆಯಿಂದ ನಾನು ಆಗುತ್ತದೆ ಎಂದುಬಿಟ್ಟೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಸರಿ, ನೀನೇ ಅಳತೆ ತೆಗಿ. ಹೊಂದಿದ್ರೆ ನಕ್ಷೆ ಬರೆಯೋ ಮೇಜು ನಿಂದು. ಇಲ್ಲಾಂದ್ರೆ ನಿಮ್ಮಪ್ಪ ಹೇಳ್ದಂಗೆ ಶಾಲೆಗೆ ಅರ್ಜಿ ಹಾಕಿ ಸಾಹಿತ್ಯ ಪಾಠ ಮಾಡು" ಎಂದರು ದೊಡ್ಡಪ್ಪ.

ಫೋಟೋದಲ್ಲಿ ಕುರ್ಚಿಯ ಹಿಂದೆ, ದೂರದಲ್ಲಿ, ಒಂದು ಬಾಗಿಲಿತ್ತು. ಅದರ ಎತ್ತರವನ್ನು ನರ್ಸಮ್ಮನಿಂದ ಕೇಳಿಕೊಂಡು, ಸ್ಕೇಲು ಹಿಡಿದು ಲೆಕ್ಕ ಹಾಕಿದೆ. ಒಳ್ಳೆಯ ಮರ ಮುಟ್ಟುವ ಮೊದಲು ದೊಡ್ಡಪ್ಪ ಪ್ಯಾಕಿಂಗ್ ಹಲಗೆಯಲ್ಲಿ ಒಂದು ಮಾದರಿ ಹೊಡೆದು ಕೂತು ನೋಡುತ್ತಾರಲ್ಲ, ಹಾಗೆ ಕೂತರು. ಕಾಲು ನೆಲ ಮುಟ್ಟಲಿಲ್ಲ. "ಇದು ಕುರ್ಚಿ ಅಲ್ಲಮ್ಮ, ಕೋಳಿ ಕೂರೋ ಅಟ್ಟ" ಎಂದು ಕಾಲಾಡಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಹೋಗಿ ಮುಖ ತೊಳೆದುಕೊಂಡೆ.

ತಪ್ಪು ಹೊಳೆದದ್ದು ಮರುದಿನ. ದೂರದ ಬಾಗಿಲು ಫೋಟೋದಲ್ಲಿ ಚಿಕ್ಕದಾಗಿ ಬಿದ್ದಿದೆ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಹತ್ತಿರದ ಕುರ್ಚಿ ಬೆಳೆಯದೆ ಇನ್ನೇನು? ಕುರ್ಚಿ ಇದ್ದ ಜಾಗದಲ್ಲೇ ಇರುವ ವಸ್ತು ಬೇಕಿತ್ತು. ಅದರ ಮುಂಗಾಲುಗಳೆರಡೂ ಟೈಲ್ಸಿನ ಒಂದೇ ಗೆರೆಯ ಮೇಲೆ ನಿಂತಿದ್ದವು. ನರ್ಸಮ್ಮನ ಮನೆಗೆ ಹೋಗಿ, ಮಂಡಿಯೂರಿ, ಆ ಟೈಲ್ಸನ್ನು ಅಳೆದೆ. ಎರಡನೆಯ ಮಾದರಿಯಲ್ಲಿ ಕೂತಾಗ ದೊಡ್ಡಪ್ಪನ ಕಾಲು ನೆಲಕ್ಕೆ ಸರಿಯಾಗಿ ಊರಿತು. ಎದ್ದು ಒಳ್ಳೆಯ ಮರ ಇಳಿಸಿದರು.

ನಿನ್ನೆ ಕುರ್ಚಿ ತಲುಪಿಸಿದೆವು. ನರ್ಸಮ್ಮ ಕೂತು, ಕಣ್ಣು ಮುಚ್ಚಿ, ಎರಡೂ ಮೊಣಕೈ ಊರಿದರು. "ಇದೇ, ಇದೇ. 'ನನ್ ಜಾಗ, ಏಳು' ಅಂತ ಯಜಮಾನ್ರು ದಿನಾ ಜಗಳ ಆಡೋರು. ಈಗ ಎಬ್ಬಿಸ್ಲಿ ನೋಡೋಣ" ಎಂದು ನಕ್ಕರು. ಅವರು ಏಳಲೇ ಇಲ್ಲ. ನಾವೇ ಬಾಗಿಲು ಎಳೆದುಕೊಂಡು ಬಂದೆವು. ದಾರಿಯಲ್ಲಿ ದೊಡ್ಡಪ್ಪ ಹೊಗಳಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು.

ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ.

ನಿಮ್ಮ ಮಗಳು

ಮರೆತಿದ್ದೆ: ಶಾಲೆಯ ಅರ್ಜಿಗೆ ನಾಳೆ ಕೊನೆಯ ದಿನ. ನೀವು ಹೇಳಿದಂತೆ ತುಂಬಿಟ್ಟಿದ್ದೇನೆ. ಬೈಯುವುದಿದ್ದರೆ ಉದ್ದದ ಕಾಗದದಲ್ಲೇ ಬೈಯಿರಿ ಅಪ್ಪಾ, ಆ ಅರ್ಜಿಯನ್ನು ನಾನು ಕಳಿಸುವುದಿಲ್ಲ.