ಪಾದಕ್ಕಿಂತ ಸಣ್ಣ ಅಚ್ಚು

ಮಾರ್ಚ್ 3, ಬೆಳಿಗ್ಗೆ 7

ಬರೆಯಬೇಕಂತೆ. ದಿನಕ್ಕೊಂದು ಪುಟ. ಕೈ ವ್ಯಾಯಾಮ ಮಾಡಿಸುವವಳ ಅಪ್ಪಣೆ. ಬಲಗೈಯ ಎರಡು ಬೆರಳು ಆರು ತಿಂಗಳಿಂದ ನನ್ನ ಮಾತು ಕೇಳುತ್ತಿಲ್ಲ. ಪೆನ್ನು ಹಿಡಿದರೆ ಕೇಳುತ್ತವಂತೆ. ನಾಲ್ಕನೇ ಕ್ಲಾಸಿಗೇ ಪೆನ್ನು ಬಿಡಿಸಿ ಅಪ್ಪ ಕೈಗೆ ಅರ ಕೊಟ್ಟ. ಅರವತ್ತು ವರ್ಷ ಮರ ಉಜ್ಜಿದ ಮೇಲೆ ಈಗ ಅರ ಬಿಡಿಸಿ ಪೆನ್ನು ಕೊಡುತ್ತಿದ್ದಾರೆ.

"ಏನು ಬರೀಲಿ?" ಎಂದೆ. "ಮನಸ್ಸಿಗೆ ಬಂದದ್ದು" ಎಂದಳು. ಮನಸ್ಸಿಗೆ ಬಂದದ್ದು ಇಷ್ಟೇ — ಬರೆಯಲು ಇಷ್ಟವಿಲ್ಲ. ಮುಗಿಯಿತು.

ಪುಟ ತುಂಬಲಿಲ್ಲ. ಸರಿ. ಸೊಟ್ಟ ಪಾದ, ಗಿಡ್ಡ ಕಾಲು, ಬೆರಳು ಹೋದವರು... ಅಂಥವರಿಗೆ ಶೂ ಮಾಡುವುದು ನನ್ನ ಕೆಲಸ. ಮರದಲ್ಲಿ ಅವರ ಪಾದದ ಅಚ್ಚು ನಾನು ಮಾಡುತ್ತೇನೆ. ಅದರ ಮೇಲೆ ಚರ್ಮ ಎಳೆದು ಹೊಲಿಯುವವನು ಹೊಲಿಗೆಯವನು. ಮೂವತ್ತೊಂದು ವರ್ಷದಿಂದ ಎದುರಿಗೆ ಕುಳಿತಿದ್ದಾನೆ. ಗೋಡೆ ತುಂಬ ಕಪಾಟು, ಕಪಾಟು ತುಂಬ ಪಾದ. ಮುನ್ನೂರ ನಲವತ್ತು ಜನರದ್ದು. ಅರ್ಧ ಅಳತೆ ಮರದ ಮೇಲೆ ಪೆನ್ಸಿಲ್ಲಿನಲ್ಲಿ. ಉಳಿದರ್ಧ ನನ್ನ ತಲೆಯಲ್ಲಿ.

ಕೈ ನೋಯುತ್ತಿದೆ. ಸಾಕು.

ಮಾರ್ಚ್ 4

ಚಿಕಿತ್ಸಾಲಯದ ಅಧಿಕಾರಿ ಬಂದಿದ್ದ. ನಮಗೆ ಜನರನ್ನು ಕಳಿಸುವವರು ಅವರೇ. ಕಂಕುಳಲ್ಲಿ ಫೈಲು ಇಲ್ಲದೆ ಅವನನ್ನು ನೋಡಿಯೇ ಇಲ್ಲ. ನಮ್ಮಲ್ಲಿ ಅವನ ಹೆಸರೇ ಫೈಲಿನವನು.

"ಅಜ್ಜಿ, ತಪ್ಪು ತಿಳೀಬೇಡಿ. ನಿಮ್ಮ ಕೈ ನಿಂತರೆ ಇಷ್ಟು ಜನರ ಕಾಲು ನಿಲ್ಲುತ್ತೆ."

ತಪ್ಪೇ ತಿಳಿದೆ. ಸುಮ್ಮನೆ ಬಿಡಲಿಲ್ಲ, ನಾಲ್ಕು ಮಾತು ಅಂದೆ. ಆದರೂ ಅವನು ಹೇಳಿದ್ದು ನಿಜ.

ಎಲ್ಲ ಅಳತೆಯೂ ಕಂಪ್ಯೂಟರಿನಲ್ಲಿ ಅವರಿಗೂ ಕಾಣಬೇಕಂತೆ. ಏಪ್ರಿಲ್ ಹತ್ತಕ್ಕೆ ಬಂದು ನೋಡುತ್ತಾನಂತೆ. ಆಗದಿದ್ದರೆ ಎಲ್ಲರನ್ನೂ ಕಾರ್ಖಾನೆಗೆ ಕಳಿಸುತ್ತಾನೆ. ಅಲ್ಲಿ ಸಣ್ಣದು, ಮಧ್ಯಮ, ದೊಡ್ಡದು. ಮೂರೇ ಪಾದ ಇರುವ ಲೋಕ.

ಬಾಗಿಲ ಹಿಂದೆ ನಿಂತಿದ್ದ ಮೊಳೆ, "ನಾನು ಮಾಡ್ತೀನಿ" ಎಂದಳು. ಮಗಳ ಮಗಳು. ಸಣಕಲು, ಚೂಪು, ತಲೆ ಗಟ್ಟಿ — ಅದಕ್ಕೇ ಮೊಳೆ. ಕಂಪ್ಯೂಟರ್ ಓದು ಮುಗಿಸಿ ಎರಡು ತಿಂಗಳು. ಇದೇ ಮೊದಲ ಕೆಲಸ. ಫೈಲಿನವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ನೋಡೋಣಮ್ಮ" ಎಂದ.

ಹೋಗುವಾಗ ಅವನ ನಡಿಗೆ ನೋಡಿದೆ. ಬಲಗಡೆ ಶೂವಿನ ಹಿಮ್ಮಡಿ ಹೊರಕ್ಕೆ ಸವೆದಿದೆ. ಹೇಳಲಿಲ್ಲ.

ಮಾರ್ಚ್ 6

ಮೊಳೆ ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಅಂಟಿನ ಡಬ್ಬಿ ನೆಲಕ್ಕಿಳಿಯಿತು. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ವೆಬ್ ಅಪ್ಲಿಕೇಶನ್ ಬರೆಯುತ್ತಾಳಂತೆ. ಮೊದಲು ಟೆಂಪ್ಲೇಟ್ ಆರಿಸಬೇಕು. ಯಾರೋ ಅರ್ಧ ಕಟ್ಟಿಟ್ಟ ಅಪ್ಲಿಕೇಶನ್ — ಅದನ್ನು ತಂದು ನಮಗೆ ಬೇಕಾದಂತೆ ತಿದ್ದಿಕೊಳ್ಳುವುದು. ಖಾಲಿಯಿಂದ ಯಾರೂ ಶುರು ಮಾಡುವುದಿಲ್ಲವಂತೆ.

ಇದರಲ್ಲಿ ಹೊಸದೇನು? ಹೊಸಬರು ಬಂದರೆ ನಾನೇನು ಮರ ಕಡಿಯಲು ಹೋಗುತ್ತೇನೆಯೇ? ಕಪಾಟಿನಿಂದ ಅವರ ಪಾದಕ್ಕೆ ಹತ್ತಿರದ ಅಚ್ಚು ತೆಗೆದು ತಿದ್ದುತ್ತೇನೆ.

ಮೂರು ತೋರಿಸಿದಳು. ದೊಡ್ಡದರಲ್ಲಿ ಎಲ್ಲ ಇದೆ. ಲಾಗಿನ್, ಇಮೇಲ್, ಹಣ ಕಟ್ಟುವುದು, ಬಣ್ಣಬಣ್ಣದ ಗ್ರಾಫು... "ಇದೇ ತಗೋತೀನಿ ಅಜ್ಜಿ. ದೊಡ್ಡದೊಡ್ಡವರೆಲ್ಲ ಇದನ್ನೇ ಬಳಸೋದು. ಬೇಡದ್ದು ತೆಗೆದುಬಿಟ್ರಾಯ್ತು."

"ಪಾದಕ್ಕಿಂತ ಸಣ್ಣ ಅಚ್ಚು ತಗೋ. ಕಮ್ಮಿ ಬಿದ್ದ ಕಡೆ ಚರ್ಮ ಅಂಟಿಸಿ ಏರಿಸಬಹುದು. ದೊಡ್ಡದು ತಗೊಂಡ್ರೆ ಉಜ್ಜಬೇಕು. ಉಜ್ಜಿದ ಮರ ವಾಪಸ್ ಬರಲ್ಲ."

"ಇದು ಮರ ಅಲ್ಲ ಅಜ್ಜಿ!"

"ಹೌದೇ ತಾಯಿ. ನನಗೇನು ಗೊತ್ತು."

ಮಾರ್ಚ್ 15

ಒಂಬತ್ತು ದಿನ ಬರೆದಿಲ್ಲ. ವ್ಯಾಯಾಮದವಳಿಂದ ಬೈಸಿಕೊಂಡೆ.

ಮೊಳೆ ಒಂಬತ್ತು ದಿನವೂ ಬೇಡದ್ದನ್ನು ತೆಗೆಯುತ್ತಿದ್ದಾಳೆ. ದೊಡ್ಡದಕ್ಕೆ ಪ್ರತಿಯೊಬ್ಬರ ಇಮೇಲ್ ಬೇಕೇ ಬೇಕು. ಮೊದಲು ಸೇರಿಸಲು ಹೋದದ್ದು ಏಳು ವರ್ಷದ ಹುಡುಗಿಯನ್ನು, ಎಡಪಾದ ಒಳಕ್ಕೆ ತಿರುಗಿದವಳನ್ನು. ಅವಳಿಗೆಲ್ಲಿಯ ಇಮೇಲ್? ಸುಳ್ಳು ವಿಳಾಸ ಕೊಟ್ಟರೆ "ನಿಮ್ಮ ಇಮೇಲ್ ತೆರೆದು ಖಚಿತಪಡಿಸಿ" ಎಂದು ಕೂತಿತು. ಲಾಗಿನ್ ಕಿತ್ತಳು, ಅದಕ್ಕೆ ನೇತುಬಿದ್ದಿದ್ದ ಪಟ್ಟಿ ಬಿತ್ತು. ಹಣದ ಭಾಗ ಕಿತ್ತಳು, ಇಡೀ ಪುಟ ಬೆಳ್ಳಗಾಯಿತು. ಇವತ್ತು ತಟ್ಟೆ ಮುಟ್ಟಲಿಲ್ಲ. ಕಣ್ಣು ಕೆಂಪು.

ನಾಲಿಗೆಗೆ ಎಲುಬಿಲ್ಲ. "ನಾನು ಹೇಳಿರ್ಲಿಲ್ವಾ?" ಎಂದುಬಿಟ್ಟೆ.

ಹೊಲಿಗೆಯವನು ಸೂಜಿ ನಿಲ್ಲಿಸಿದ. ದಿನಕ್ಕೆ ಹತ್ತು ಮಾತು ಆಡುವವನಲ್ಲ. "ಅಕ್ಕಾ, ಗೋಡೆ ಮೇಲೆ ನೇತಾಡೋ ಅಚ್ಚು ಯಾರದ್ದು?" ಎಂದ.

ಗೊತ್ತಿದ್ದೇ ಕೇಳಿದ, ಕಳ್ಳ. ಎದ್ದು ಗೋಡೆಯ ಮೊಳೆಯಿಂದ ಆ ಅಚ್ಚು ಇಳಿಸಿದೆ. ಧೂಳು ಒರೆಸಿ ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟೆ. ಹಿಮ್ಮಡಿಯಲ್ಲಿ ಹೆಬ್ಬೆರಳು ತೂರುವಷ್ಟು ಗುಳಿ.

"ಯಾರು ಹಾಳು ಮಾಡಿದ್ದು ಅಜ್ಜಿ?"

"ನಾನೇ. ಹದಿಮೂರು ವರ್ಷ ನನಗೆ. ಅಪ್ಪನ ಅತಿ ಒಳ್ಳೇ ಅಚ್ಚು. ದೊಡ್ಡದು ತಗೊಂಡು ಉಜ್ಜಿದೆ. ಇನ್ನೊಂಚೂರು, ಇನ್ನೊಂಚೂರು ಅಂತ... ಕೈ ನಿಲ್ಲಲಿಲ್ಲ."

"ಮುತ್ತಜ್ಜ ಏನಂದ್ರು?"

"ಗೋಡೆಗೆ ನೇತು ಹಾಕಿದ."

ಮೂಗೊರೆಸಿಕೊಂಡು ನಕ್ಕಳು. ಆಮೇಲೆ ಎರಡು ಸಲ ಬಡಿಸಿಕೊಂಡು ತಿಂದಳು.

ಮಾರ್ಚ್ 16

ದೊಡ್ಡದನ್ನು ಅಳಿಸಿದಳು. ನಾನು ಅತಿ ಸಣ್ಣದು ತೋರಿಸಿ ಇದೇ ಎಂದೆ. ಒಂದೇ ಫೈಲು. ನಲವತ್ತೊಂದು ಸಾಲು, ಬೆರಳಿಟ್ಟು ಎಣಿಸಿದೆ. ಬಹಳ ಹಿಡಿಸಿತು.

"ಬೇಡ" ಎಂದಳು.

ಸಿಟ್ಟು ಬಂತು. "ಒಂದು ಸಲ ಬುದ್ಧಿ ಬರಲಿಲ್ವೇನೇ?"

"ಕೂಗ್ಬೇಡ. ಈಗ ನನ್ನ ಮಾತು ಕೇಳು." ಕಪಾಟಿಗೆ ಹೋಗಿ ಅಂಚೆಯವನ ಅಚ್ಚು ತಂದಳು. ಇಪ್ಪತ್ತೆರಡು ವರ್ಷ ಹಳೆಯದು. ಅವನ ಪಾದದ ಊತ ಏರಿದಂತೆಲ್ಲ ಒಂದರ ಮೇಲೊಂದು ಚರ್ಮದ ಪದರ ಅಂಟಿಸಿದ್ದೇನೆ. "ಪ್ರತಿ ಪದರದ ಮೇಲೂ ತಾರೀಖು ಯಾಕೆ ಬರೀತೀಯ?"

"ಊತ ಇಳಿದ್ರೆ? ಯಾವ ಪದರದ ತನಕ ಬಿಚ್ಚಬೇಕು ಅಂತ ಗೊತ್ತಾಗಬೇಡ್ವಾ?"

"ಅದೇ. ನಿನ್ನ ಈ ಸಣ್ಣದರಲ್ಲಿ ಪದರ ಇಲ್ಲ. ನಾಳೆ ಹೊಸ ಅಳತೆ ಒಂದು ಸೇರಿಸು ಅಂದ್ರೆ ಇಡೀ ಪಟ್ಟಿ ನಾನೇ ಕೆಡವಿ ಕಟ್ಟಬೇಕು. ಮೂರರಲ್ಲಿ ನಡುವಿನ ಟೆಂಪ್ಲೇಟಲ್ಲಿ ಪ್ರತಿ ಬದಲಾವಣೆಗೂ ಒಂದು ಪದರ, ಮೇಲೆ ತಾರೀಖು. ಬೇಡ ಅಂದ್ರೆ ಬಿಚ್ಚಬಹುದು. ಪಾಸ್‌ವರ್ಡ್ ನಮಗೂ ಚಿಕಿತ್ಸಾಲಯದವರಿಗೂ ಇದ್ರೆ ಸಾಕು. ಶೂ ಹಾಕೋರಿಗೆ ಇಮೇಲ್ ಬೇಡ. ಪಾದಕ್ಕಿಂತ ಸಣ್ಣದೇ ಅಜ್ಜಿ. ಆದ್ರೆ ಪದರ ಹಿಡಿಯುತ್ತೆ."

ಇಷ್ಟು ವರ್ಷ ಅಂಟಿಸಿದ್ದೇನೆ, ತಾರೀಖು ಬರೆದಿದ್ದೇನೆ. ಹೀಗೆ ಮಾತಿನಲ್ಲಿ ಹೇಳಲು ನನಗೆ ಬಂದಿರಲಿಲ್ಲ. ಈ ಸಣಕಲಿಗೆ ಬಂತು. ನನ್ನ ಕಪಾಟು ನೋಡಿಯೇ ಬಂತು.

ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ. ಎದೆ ಇಷ್ಟಗಲ ಆಯಿತು.

ಮಾರ್ಚ್ 17

ಹೊಲಿಗೆಯವನ ಹತ್ತಿರ ಮಾತ್ರ ಹೇಳಿದೆ. "ಅವಳಿಗೇ ಹೇಳಿ ಅಕ್ಕ" ಎಂದ. "ತಲೆ ಮೇಲೆ ಕೂರ್ತಾಳೆ" ಎಂದೆ. "ಈಗೇನು ಕೆಳಗೆ ಕೂತಿದ್ದಾಳಾ?" ಎಂದ.

ಇವತ್ತಿನ ಹತ್ತು ಮಾತು ಮುಗಿಯಿತು ಅವನದ್ದು.

ಮಾರ್ಚ್ 24

ನಾನು ಅಚ್ಚು ಹಿಡಿದು ಹೇಳುತ್ತೇನೆ, ಅವಳು ಟೈಪ್ ಮಾಡುತ್ತಾಳೆ. ಇನ್ನೂರ ಹದಿನೆಂಟು ಜನ ಒಳಗೆ ಹೋದರು. ಎಡ ಬೇರೆ, ಬಲ ಬೇರೆ. ಗಂಟಲು ಕಟ್ಟಿದೆ.

ಒಂದೇ ಕಾಲಿನವನ ಸರದಿ ಬಂತು. ಪಟ್ಟಿಯಲ್ಲಿ ಎಡಪಾದದ ಮನೆ ಖಾಲಿ ಬಿಡಲು ಅಪ್ಲಿಕೇಶನ್ ಒಪ್ಪಲಿಲ್ಲ. "ಸೊನ್ನೆ ಹಾಕ್ಲಾ ಅಜ್ಜಿ?" ಎಂದಳು.

"ಸೊನ್ನೆ ಹಾಕಿದ್ರೆ ಕೈ ಮುರಿದೇನು. ಸೊನ್ನೆ ಅಂದ್ರೆ ಅಳೆದೆ ಅಂತ. ಅವನ ಕಾಲು ಸೊನ್ನೆ ಅಲ್ಲ, ಇಲ್ಲ. ಇಲ್ಲ ಅಂದ್ರೆ ಇಲ್ಲ."

"ಕಾಲೇಜಲ್ಲಿ ಇದಕ್ಕೆ ಒಂದು ವಾರ ಪಾಠ ಮಾಡಿದ್ರು" ಎಂದಳು. ಸರಿಮಾಡಿದಳು. ಈಗ ಅಲ್ಲಿ "ಇಲ್ಲ" ಎಂದೇ ಇದೆ.

ಏಪ್ರಿಲ್ 2

ಪದರದ ಪರೀಕ್ಷೆ ಆಯಿತು. ಬ್ರೆಡ್ ಹಂಚುವವಳ ಪಾದ ಸಂಜೆಗೆ ಊದುತ್ತದೆ. ಬೆಳಗಿನ ಸುತ್ತಳತೆ ಒಂದು, ಸಂಜೆಯದು ಒಂದು ಬೇಕು. ಸಂಜೆಯದಕ್ಕೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಹತ್ತು ನಿಮಿಷ. ಒಂದು ಪದರ ಏರಿಸಿದಳು. ಉಳಿದವರ ಒಂದು ಅಂಕಿಯೂ ಕದಲಲಿಲ್ಲ.

ಏಪ್ರಿಲ್ 7

ವ್ಯಾಯಾಮಕ್ಕೆ ಹೋಗಿ ಬಂದೆ. ಮೇಜಿನ ಮೇಲೆ ಒಂದು ಜೊತೆ ಶೂ. ಏಳು ವರ್ಷದವಳದ್ದು. ಅವಳ ಪಾದ ಬೆಳೆದಿತ್ತು. ಕಳೆದ ವಾರ ನಾನು ಅಳೆದದ್ದನ್ನು ಹೊಲಿಗೆಯವನು ಪರದೆಯಲ್ಲಿ ನೋಡಿ, ಅಚ್ಚಿಗೆ ತಾನೇ ಪದರ ಹಚ್ಚಿ, ಚರ್ಮ ಎಳೆದು ಮುಗಿಸಿದ್ದ. ನನ್ನನ್ನು ಒಂದು ಮಾತು ಕೇಳದೆ.

ಹುಡುಗಿ ಬಂದು ಹಾಕಿಕೊಂಡಳು. ಬಾಗಿಲ ತನಕ ನಡೆದಳು. ತಿರುಗಿ ಓಡಿ ಬಂದಳು.

ಅಳತೆ ಬಿಟ್ಟರೆ ಅದರಲ್ಲಿ ನನ್ನ ಕೈ ಇರಲಿಲ್ಲ. ಆಮೇಲೆ ಹೊಲಿಗೆಯವನಿಗೆ, ಎಡಗಡೆ ಹೊಲಿಗೆ ಒಂದು ನೂಲು ಸಡಿಲ ಎಂದು ಬೈದೆ. ಸಡಿಲ ಇರಲಿಲ್ಲ.

ಏಪ್ರಿಲ್ 10

ಫೈಲಿನವನು ಬಂದ. ಮುನ್ನೂರ ನಲವತ್ತು ಜನರೂ ಕಂಪ್ಯೂಟರಿನೊಳಗಿದ್ದರು. ನಿಂತುಕೊಂಡೇ ನೋಡಿದ. "ದೊಡ್ಡ ಟೆಂಪ್ಲೇಟ್ ಯಾಕೆ ತಗೊಳ್ಳಲಿಲ್ಲಮ್ಮ? ಅದರಲ್ಲಿ ಎಲ್ಲಾ ಇರುತ್ತಲ್ಲ."

ನನ್ನ ಬಾಯಿ ತೆರೆಯಿತು. ಮೊಳೆ ನನ್ನ ಕೈ ಒತ್ತಿದಳು. ಗುಳಿ ಬಿದ್ದ ಅಚ್ಚು ಅವನ ಮುಂದಿಟ್ಟಳು. ಪಕ್ಕದಲ್ಲಿ ಅಂಚೆಯವನದ್ದು. "ಸರ್, ದೊಡ್ಡದರಲ್ಲೇ ಶುರು ಮಾಡಿದ್ದೆ. ಒಂಬತ್ತು ದಿನ ಹಾಳಾಯ್ತು, ತಪ್ಪು ನನ್ನದೇ" ಎಂದು ಶುರು ಮಾಡಿದಳು. ಪದರದ ಮಾತನ್ನೂ ಪೂರ್ತಿ ಹೇಳಿದಳು. ಹೊಲಿಗೆಯವನು ಸೂಜಿ ಕೆಳಗಿಟ್ಟು ಕೇಳಿದ.

ಫೈಲಿನವನು ಅಚ್ಚಿನ ಗುಳಿಯಲ್ಲಿ ಹೆಬ್ಬೆರಳು ಇಟ್ಟು ನೋಡಿದ. "ನೋಡೋಣ" ಎಂದ. ಹೋದ.

ಏಪ್ರಿಲ್ 18

ಎಂಟು ದಿನ. ಉತ್ತರವಿಲ್ಲ. ಫೋನು ಮಾಡಿದರೆ ಮೀಟಿಂಗು. ಮೊಳೆ ಫೋನು ಕೈಯಿಂದ ಕೆಳಗಿಡುವುದಿಲ್ಲ.

ಬೆರಳು ಸುಧಾರಿಸಿವೆ, ಇನ್ನು ಬರೆಯುವುದು ನಿಲ್ಲಿಸಬಹುದು ಎಂದಳು ವ್ಯಾಯಾಮದವಳು. ನಿಲ್ಲಿಸುತ್ತೇನೆ. ಅದಕ್ಕೆ ಮುಂಚೆ ಒಂದು ಕಾಗದ. ಇಲ್ಲಿ ಬರೆದು ನೋಡಿ ಆಮೇಲೆ ಒಳ್ಳೆಯ ಹಾಳೆಗೆ.

ಚಿಕಿತ್ಸಾಲಯದ ಅಧಿಕಾರಿಗಳಿಗೆ —

ನನ್ನ ಕೈ ನಿಂತರೆ ಜನರ ಕಾಲು ನಿಲ್ಲುತ್ತದೆ ಎಂದಿರಿ. ನಿಲ್ಲುವುದಿಲ್ಲ. ಏಳನೇ ತಾರೀಖು ಒಂದು ಮಗು ನನ್ನ ಕೈ ಇಲ್ಲದ ಶೂ ಹಾಕಿಕೊಂಡು ಓಡಿತು. ಅದು ನನ್ನ ಮೊಮ್ಮಗಳ ಕೆಲಸ. ನಾನು ತೋರಿಸಿದ ಟೆಂಪ್ಲೇಟ್ ತಪ್ಪಾಗಿತ್ತು, ಅವಳು ಆರಿಸಿದ್ದು ಸರಿ. ಇದನ್ನು ಅವಳಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನಿಮ್ಮ ಬಲಗಾಲಿನ ಶೂವಿನ ಹಿಮ್ಮಡಿ ಹೊರಕ್ಕೆ ಸವೆಯುತ್ತಿದೆ. ಬನ್ನಿ, ಅಳತೆ ಕೊಡಿ. ಅದು ಬೇರೆ ಮಾತು.

"ನೋಡೋಣ" ಅನ್ನುವುದು ಉತ್ತರವಲ್ಲ. ಜನರನ್ನು ಕಾರ್ಖಾನೆಗೆ ಅಟ್ಟದೆ ನಮ್ಮಲ್ಲಿಗೇ ಕಳಿಸುತ್ತೀರಾ? ಹೂಂ ಅಥವಾ ಉಹೂಂ — ಏಪ್ರಿಲ್ 25, ಸಂಜೆ ಐದರೊಳಗೆ ಬರಬೇಕು.